ಗದ್ದದ ಮೇಲಿನ ಊರು

"ಆ ಗೋಡೆಗೆ ಬಿಳಿ ಬಳಿದುಬಿಡು ತಾರಾ," ಅಂದಳು ಅನುರಾಧಾ. ನೆಲ ಒರೆಸಿಬಿಡು ಅಂದ ಹಾಗೆ ಅಂದಳು. ಅಷ್ಟೇ ಸಲೀಸು.

ಬಳಿಯೋಕೇನು? ಕೈ ಇದೆ, ಬ್ರಷ್ ಇದೆ, ಡಬ್ಬಿ ತುಂಬ ಬಣ್ಣ ಇದೆ. ಆದರೆ ಆ ಗೋಡೆಯ ಮೇಲೆ ಒಬ್ಬ ಮುದುಕಿಯ ಮುಖ ಇತ್ತು. ಮುಖದ ಕೆಳಗೆ ಒಂದು ಊರಿನ ಹೆಸರಿತ್ತು. ಎರಡನ್ನೂ ಚುಕ್ಕೆ ಚುಕ್ಕೆಯಾಗಿ ಕೂರಿಸಿದ್ದು ಇದೇ ಕೈ. ಕೂರಿಸಿದ ಕೈಯೇ ಅಳಿಸಬೇಕಂತೆ. ಎಂಥಾ ನ್ಯಾಯ ನೋಡಿ.

ಇನ್ನೊಂದು ಮಾತು. ಅವಳ ಹೆಸರು ತಾರಾ ಅಲ್ಲ. ತಿಪ್ಪಮ್ಮ. ಚಳ್ಳಕೆರೆ ಕಡೆಯ ಕೊರಮರ ಹಟ್ಟಿಯವಳು. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದವು ಅಂತ ತಾಯಿ ಇವಳನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ಆ ಹೆಸರಿಟ್ಟಳು. ಬದುಕಲಿ ಅಂತ ಇಟ್ಟ ಹೆಸರು. ಬದುಕಿದಳು. ನೈರೋಬಿಗೆ ಬಂದಿಳಿದ ದಿನವೇ ಅನುರಾಧಾ ಅದನ್ನು ಕಿತ್ತು ಹಾಕಿದಳು. "ತಿಪ್ಪಮ್ಮ ಅಂತೆಲ್ಲ ಗೆಸ್ಟ್ ಮುಂದೆ ಕರೆಯೋಕಾಗುತ್ತಾ? ತಾರಾ ಅಂತ ಇಟ್ಕೋ. ಸ್ವೀಟ್ ಆಗಿದೆ."

ಅನುರಾಧಾಳ ಗಂಡ ಚಕ್ರಪಾಣಿ ಬ್ಯಾಂಕಿನವನು. ಬೆಂಗಳೂರಿಂದ ಪೋಸ್ಟಿಂಗ್ ಮೇಲೆ ಬಂದವನು. ಬೆಂಗಳೂರಲ್ಲಿ ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುತ್ತಿದ್ದ ತಿಪ್ಪಮ್ಮನನ್ನೇ ಜೊತೆಗೆ ಕರಕೊಂಡು ಬಂದರು. ಅವಳ ಗಂಡ ಸತ್ತಿದ್ದ. ಮಕ್ಕಳಿರಲಿಲ್ಲ. "ಹಿಂದೆ ಮುಂದೆ ಯಾರೂ ಇಲ್ಲ, ಊರಿಗೆ ಹೋಗ್ತೀನಿ ಅಂತ ಹಟ ಮಾಡಲ್ಲ," ಅಂತ ಚಕ್ರಪಾಣಿ ಫೋನಲ್ಲಿ ಯಾರಿಗೋ ಹೇಳಿದ್ದನ್ನು ಅವಳೇ ಕೇಳಿಸಿಕೊಂಡಿದ್ದಳು.

ನೈರೋಬಿಯ ಸೌತ್ ಬಿ ಬಡಾವಣೆಯ ಆ ಮನೆಯಲ್ಲಿ ಅವಳು ನೆಲ ಒರೆಸಬಹುದು, ಕಕ್ಕಸು ತೊಳೆಯಬಹುದು, ಎಂಜಲು ತಟ್ಟೆ ಉಜ್ಜಬಹುದು. ಒಲೆ ಮುಟ್ಟೋ ಹಾಗಿಲ್ಲ. ಅವಳ ಸ್ಟೀಲ್ ಲೋಟ ಬೇರೆ. ಅದು ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕ. ಜಾತಿ ಏನು ಅಂತ ಯಾರೂ ಕೇಳಲಿಲ್ಲ. ಕೇಳುವಷ್ಟು ಒರಟರಲ್ಲ ಅವರು. "ಊರಲ್ಲಿ ನಿಮ್ಮನೆ ಯಾವ ಕಡೆ ಬರುತ್ತೆ?" ಅಂತ ಕೇಳಿದರು. ಅಷ್ಟು ಸಾಕಾಯಿತು.

ಅವಳ ಎರಡೂ ಮುಂಗೈ ತುಂಬ ಹಚ್ಚೆ. ಚೇಳು, ತೊಟ್ಟಿಲು, ಸೀತೆ ಸೆರಗು. ತಾಯಿ ಹಾಕಿದ್ದು. ತಾಯಿ ಬುಟ್ಟಿ ಹೊತ್ತು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದವಳು. ತಿಪ್ಪಮ್ಮನೂ ಮದುವೆಯಾಗೋವರೆಗೆ ಸೂಜಿ ಹಿಡಿದವಳೇ. ದೊಡ್ಡ ಮನೆಯ ಹೆಂಗಸರು ಜಗುಲಿಯ ಮೇಲೆ ಕೂತು ಕೈ ನೀಡೋರು, ಇವರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಚುಚ್ಚೋರು. ಆಮೇಲೆ ಆ ಹೆಂಗಸರು ಇವಳ ತಾಯಿ ಮುಟ್ಟಿದ ಕೈಯನ್ನು ಸೀಗೆಪುಡಿ ಹಾಕಿ ತೊಳೆದುಕೊಳ್ಳೋರು. ಎಷ್ಟು ತೊಳೆದರೇನು, ಹಚ್ಚೆ ಹೋಗುತ್ತಾ? ತಾಯಿ ದಾರಿಯುದ್ದಕ್ಕೂ ನಗೋಳು. "ಸತ್ತಾಗ ಒಡವೆ ಬಿಚ್ಕೊಂತಾರೆ, ಸೀರೆ ಬಿಚ್ಕೊಂತಾರೆ. ಜೊತಿಗೆ ಬರೋದು ನಾವು ಹಾಕಿದ್ದೇ ಕಣೇ," ಅನ್ನೋಳು.

ಅನುರಾಧಾ ಆ ಕೈಗಳಿಗೆ ತುಂಬುತೋಳಿನ ರವಿಕೆ ಹೊಲಿಸಿಕೊಟ್ಟಿದ್ದಳು. ಸೆಖೆಯಿರಲಿ ಬಿಡಲಿ, ಮಣಿಕಟ್ಟಿನ ತನಕ ಮುಚ್ಚಿಕೊಂಡಿರಬೇಕು. "ನೋಡೋಕೆ ಒಂಥರಾ ಇದೆ," ಅಂತ.

ಮಾತಾಡೋಕೆ ಜನ ಇರಲಿಲ್ಲ. ಅನುರಾಧಾಳ ಮಗ ಚಿನ್ಮಯನಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷು. ಪಕ್ಕದ ಮನೆಯ ಮಂಗಳೂರಿನ ಇಸಾಬೆಲಮ್ಮ ಎದುರು ಸಿಕ್ಕಾಗ ನಗೋರು, ಮನೆಯೊಳಗೆ ಅವರದು ಕೊಂಕಣಿ. ಅಡುಗೆಮನೆ ಹಿಂದಿನ ಕೋಣೆಯಲ್ಲಿ ತಿಪ್ಪಮ್ಮ ಬಕೆಟ್ಟಿನ ಜೊತೆ ಮಾತಾಡುತ್ತಿದ್ದಳು. ಒಂದೊಂದು ದಿನ ತನ್ನ ದನಿ ತನಗೇ ಕೇಳಿ ಬೆಚ್ಚಿ ಬೀಳುತ್ತಿದ್ದಳು. ಒಂಟಿತನ ಅಂದರೆ ಅದು. ಯಾರೂ ಹೊಡೆಯಲ್ಲ, ಯಾರೂ ಬೈಯಲ್ಲ. ಯಾರೂ ಹೆಸರು ಹಿಡಿದು ಕರೆಯಲ್ಲ.

ಸೌತ್ ಬಿ ದಾಟಿದರೆ ಇಂಡಸ್ಟ್ರಿಯಲ್ ಏರಿಯಾ. ಅಲ್ಲಿಯ ಒಂದು ಹಳೇ ಗೋಡೌನನ್ನು ಅನುರಾಧಾ ಗ್ಯಾಲರಿ ಮಾಡಿಕೊಂಡಿದ್ದಳು. ಅಲ್ಲಿ ಗುಡಿಸೋಕೆ ಮುಥೋನಿ ಅಂತ ಒಬ್ಬಳು ಹೆಂಗಸಿದ್ದಳು, ಅಲ್ಲಿಯವಳೇ. ಬೆನ್ನಿಗೆ ಎಳೇ ಹೆಣ್ಣುಮಗು ಕಟ್ಟಿಕೊಂಡು ಗುಡಿಸೋಳು. ಪ್ರದರ್ಶನ ಬಂದಾಗ ತಿಪ್ಪಮ್ಮನೂ ಹೋಗಬೇಕು. ಮರದ ಪೆಟ್ಟಿಗೆ ಎಳೆಯೋಕೆ, ಮೊಳೆ ಕೀಳೋಕೆ. ಮುಥೋನಿಯ ಸ್ವಾಹಿಲಿಯಲ್ಲಿ ಇವಳಿಗೆ ಅಷ್ಟಿಷ್ಟು ಬರುತ್ತಿತ್ತು. ಉಳಿದದ್ದಕ್ಕೆ ಕೈ, ಕಣ್ಣು.

ಈ ಸಲದ್ದು ಟರ್ಕಿ ದೇಶದ ಕಲಾವಿದರ ಪ್ರದರ್ಶನ. ಇಸ್ತಾಂಬುಲ್‌ನಿಂದ ಪೆಟ್ಟಿಗೆಗಳು ಎಂಬಕಸಿಯ ಏರ್‌ಪೋರ್ಟಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬಂದವು. ಒಬ್ಬಳ ಹೆಸರಿನ ಪೆಟ್ಟಿಗೆ ಮಾತ್ರ ಬರಲಿಲ್ಲ. ಬರೋ ಹಾಗೂ ಇರಲಿಲ್ಲ.

ಅವಳು ಬೆರ್ಫಿನ್. ಕುರ್ದ್ ಜನದವಳು. ಅದೇ ದೇಶದೊಳಗಿನ ಬೇರೆ ಜನ, ಬೇರೆ ಭಾಷೆ. ಸುಟ್ಟ ಊರುಗಳ ಚಿತ್ರ ಮಾಡಿದಳು ಅಂತ ಅವಳ ಮೇಲೆ ಕೇಸು. ಪಾಸ್‌ಪೋರ್ಟು ಕಿತ್ತುಕೊಂಡಿದ್ದರು. ಅವಳೂ ಗಡಿ ದಾಟೋ ಹಾಗಿಲ್ಲ, ಅವಳ ಚಿತ್ರವೂ ದಾಟೋ ಹಾಗಿಲ್ಲ. ಅದಕ್ಕೇ ಅವಳು ಒಂದು ದಾರಿ ಹುಡುಕಿಕೊಂಡಿದ್ದಳು. ಚಿತ್ರದ ನೆರಳನ್ನು, ಮಾಡುವ ಬಗೆಯನ್ನು ಫೋನಲ್ಲಿ ಕಳಿಸೋದು. ಪ್ರದರ್ಶನ ನಡೆಯೋ ಊರಿನವರು ಯಾರಾದರೂ ಅಲ್ಲಿಯ ಗೋಡೆಯ ಮೇಲೆ ಮಾಡೋದು. ಕೈ ಯಾರದಾದರೇನು, ತನ್ನ ತಾಯಿಯ ಮುಖ ಎಲ್ಲಾದರೂ ಒಂದು ಕಡೆ ನಿಂತರಾಯಿತು.

ಪ್ರೊಜೆಕ್ಟರ್ ಹಾಕಿ ಅನುರಾಧಾ ಗೋಡೆಯ ಮೇಲೆ ಆ ಮುಖ ಬಿಟ್ಟಳು. ಪೆಟ್ಟಿಗೆ ಎಳೆಯುತ್ತಿದ್ದ ತಿಪ್ಪಮ್ಮ ನಿಂತುಬಿಟ್ಟಳು. ಮುದುಕಿ. ತಲೆಗೆ ಬಿಳಿ ಬಟ್ಟೆ. ತುಟಿಯ ಕೆಳಗೆ, ಗದ್ದದ ಮೇಲೆ ಮೂರು ಚುಕ್ಕೆ. ಅದರ ಕೆಳಗೆ ಬಾಚಣಿಗೆಯಂಥ ಗುರುತು.

"ಹಚ್ಚೆ ಕಣಮ್ಮಾರೇ!" ಅಂತ ಕೂಗಿಬಿಟ್ಟಳು.

ಅನುರಾಧಾಳ ಕಣ್ಣು ಮಿಂಚಿತು. ಎರಡು ವರ್ಷ ಮುಚ್ಚಿಸಿಟ್ಟ ಕೈ ಈಗ ನೆನಪಾಯಿತು. ಬೆರ್ಫಿನ್‌ಗೆ ವಿಡಿಯೋ ಕಾಲ್ ಮಾಡಿ, "ಸ್ಲೀವ್ ಎತ್ತು ತಾರಾ, ತೋರ್ಸು, ತೋರ್ಸು," ಅಂದಳು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸ್ತಾರಲ್ಲ, ಹಾಗೆ. ತಿಪ್ಪಮ್ಮ ತೋರಿಸಿದಳು. ಆದರೆ ಫೋನಿನೊಳಗಿನ ಹೆಂಗಸು ಹಾಗೆ ನೋಡಲಿಲ್ಲ. ಬಾಯಿ ಮೇಲೆ ಕೈಯಿಟ್ಟುಕೊಂಡು ಅತ್ತಳು. ಗೋಡೆಯ ಚಿತ್ರ ಈ ಕೈಯಲ್ಲೇ ಆಗಲಿ ಅಂದಳು.

ಅವಳು ಇಂಗ್ಲಿಷಲ್ಲಿ ಹೇಳೋದು, ಅನುರಾಧಾ ಕನ್ನಡಕ್ಕೆ ತರೋದು. "ಅವರಮ್ಮನ ಊರನ್ನ ಸೈನ್ಯದವರು ಖಾಲಿ ಮಾಡ್ಸಿ ಸುಟ್ಟುಬಿಟ್ರಂತೆ. ಅದಕ್ಕೂ ಮುಂಚೆನೇ ಊರಿನ ಹೆಸರು ತೆಗೆದು ಸರ್ಕಾರ ಬೇರೆ ಹೆಸರು ಇಟ್ಟಿತ್ತಂತೆ. ನಿಜವಾದ ಹೆಸರು ಕಾನಿಯಾ ಬೂಕೆ. ಮದುವಣಗಿತ್ತಿಯ ಒರತೆ ಅಂತ ಅರ್ಥ. ಅಮ್ಮ ಆ ಹೆಸರು ಹೇಳ್ತಾನೇ ಸತ್ತರಂತೆ."

"ನಂದೂ ಅಂಗೇ ಅಲ್ವಾ ಅಮ್ಮಾರೇ?" ಅಂದಳು ತಿಪ್ಪಮ್ಮ. ಮಾತಾಡಿ ಎಷ್ಟೋ ದಿನವಾಗಿದ್ದ ಬಾಯಿ, ತಡೆಯಲಿಲ್ಲ. "ನನ್ನ ಹೆಸರೂ ತೆಗುದ್ರಿ. ನನ್ನ ಪಾಸ್‌ಪೋರ್ಟೂ ನಿಮ್ಮ ಬೀರುನಾಗೈತೆ. ಹೇಳ್ರಿ ಆಯಮ್ಮಂಗೆ."

ಅನುರಾಧಾ ನಕ್ಕಳು. ಫೋನಿಗೆ ಏನೋ ಇಂಗ್ಲಿಷಲ್ಲಿ ಹೇಳಿದಳು. ಬೆರ್ಫಿನ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ತಿಪ್ಪಮ್ಮನಿಗೆ ಎಷ್ಟು ಹಿತವಾಯಿತು! ಹೇಳಿದರಲ್ಲ, ತಿಳಿಯಿತಲ್ಲ ಅಂದುಕೊಂಡಳು. ಮಧ್ಯಾಹ್ನ ಮುಥೋನಿ ಪೊರಕೆ ಒರಗಿಸಿ ಹತ್ತಿರ ಬಂದು, ಮೇಡಂ ಏನು ಹೇಳಿದರು ಗೊತ್ತಾ ಅಂತ ಸ್ವಾಹಿಲಿಯಲ್ಲಿ ಬಿಡಿಸಿ ಹೇಳಿದಳು. 'ಈ ಕೆಲಸ ಸಿಕ್ಕಿದ್ದಕ್ಕೆ ತಾರಾಗೆ ತುಂಬಾ ಖುಷಿಯಂತೆ.' ಅಷ್ಟೇ.

ಬಣ್ಣ ಹೇಗೆ ಅಂತ ಬೆರ್ಫಿನ್ ಕಳಿಸಿದ್ದಳು. ದೀಪದ ಕಾಡಿಗೆ. ಅದಕ್ಕೆ ಹೆಣ್ಣುಮಗು ಹೆತ್ತವಳ ಎದೆಹಾಲು. "ಅಯ್ಯೋ, ಇದೊಂದು ಬಿಟ್ಟಾಕೋಣ, ನೀರು ಸಾಕು," ಅಂದಳು ಅನುರಾಧಾ ಮೂಗು ಮುರಿದು. ತಿಪ್ಪಮ್ಮ ನೀರು ತರಲಿಲ್ಲ. ಅವಳ ತಾಯಿಯೂ ಎದೆಹಾಲಲ್ಲೇ ಕಲಸುತ್ತಿದ್ದಳು. ಮುಥೋನಿಯ ಮುಂದೆ ಕೂತು ಕೈಸನ್ನೆಯಲ್ಲಿ ಕೇಳಿದಳು. ಮುಥೋನಿ ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಗೋಡೆಯ ಮುದುಕಿಯನ್ನು ನೋಡಿದಳು, ಆಮೇಲೆ ಪೆಟ್ಟಿಗೆಗಳ ಮರೆಗೆ ಹೋದಳು. ಹಾಲು ಹಿಂಡಿ ತಂದದ್ದು ತಿಪ್ಪಮ್ಮನ ಅದೇ ಸ್ಟೀಲ್ ಲೋಟದಲ್ಲಿ. ಮನೆಯಿಂದ ಇಲ್ಲಿಗೂ ಅದು ಬೇರೆಯಾಗಿಯೇ ಬಂದಿತ್ತು.

ತಪ್ಪಾಯಿತೋ ಸರಿಯಾಯಿತೋ, ಆದದ್ದು ಇಲ್ಲೇ. ಬ್ರಷ್ಷಿನಿಂದ ಚುಕ್ಕೆ ಇಡು ಅಂದಿದ್ದರು. ತಿಪ್ಪಮ್ಮನ ಕೈಗೆ ಬ್ರಷ್ ಗೊತ್ತಿಲ್ಲ. ಹಚ್ಚೆ ಅಂದಮೇಲೆ ಚುಚ್ಚಬೇಕು. ಗೋಣಿಚೀಲ ಹೊಲಿಯೋ ದಬ್ಬಳ ತೆಗೆದುಕೊಂಡಳು. ಗಾರೆಗೆ ಚುಚ್ಚಿದಳು, ಕಾಡಿಗೆ ತೀಡಿದಳು. ಮತ್ತೆ ಚುಚ್ಚಿದಳು. ಅನುರಾಧಾ ಆ ವಾರ ಕಾರ್ಡು, ಕೇಟರಿಂಗು, ಫೋನು ಅಂತ ಓಡಾಟದಲ್ಲಿದ್ದಳು. ದೂರದಿಂದ ನೋಡಿ, "ವಾವ್ ತಾರಾ," ಅಂದು ಹೋಗುತ್ತಿದ್ದಳು.

ಏಣಿ ಮೇಲೆ ನಿಂತು ನಿಂತು ಮೀನಖಂಡ ಕಲ್ಲಾಯಿತು. ಭುಜ ಇಳಿದುಹೋಯಿತು. ಗಾರೆಯ ಧೂಳು ಕಣ್ಣಿಗೆ, ಕಾಡಿಗೆ ಮೂಗಿಗೆ. ಸೀನಿದರೆ ಕರೀ ಸಿಂಬಳ. ಹೆಬ್ಬೆರಳು ಬೊಬ್ಬೆ ಎದ್ದು ಒಡೆಯಿತು. ಆದರೂ ಆ ದಿನಗಳಲ್ಲಿ ಅವಳಷ್ಟು ಸುಖಿ ಆ ಊರಲ್ಲಿ ಯಾರೂ ಇರಲಿಲ್ಲ. ಹಚ್ಚೆ ಹಾಕುವಾಗ ಸುಮ್ಮನೆ ಹಾಕಬಾರದು, ನೋವು ತಿಳಿಯದ ಹಾಗೆ ಮಾತಾಡಿಸುತ್ತಲೇ ಇರಬೇಕು ಅಂತ ತಾಯಿ ಕಲಿಸಿದ್ದಳು. ಮಾತಾಡಿಸಿದಳು. "ಒಸಿ ತಡಕಾ ನಮ್ಮವ್ವಾ, ಆತು, ಇನ್ನೊಂದೇ ಚುಕ್ಕಿ. ಮದುವಣಗಿತ್ತಿ ಒರತೆಯಾಗೆ ನೀರು ಸಿಹಿಯಾಗಿತ್ತೇನವ್ವಾ? ನಮ್ಮೂರಾಗೆ ಬಾವಿತಾವ ನಮ್ಮನ್ನ ಬಿಟ್ಕೊಂತಿರಲಿಲ್ಲ." ಮುಖದ ಕೆಳಗಿನ ಊರ ಹೆಸರಿನ ಅಕ್ಷರಗಳನ್ನೂ ಹಾಗೇ ಚುಚ್ಚಿದಳು. ಓದು ಬರದವಳಿಗೆ ಅಕ್ಷರವೂ ಹಚ್ಚೆಯೇ.

ಪ್ರದರ್ಶನಕ್ಕೆ ದಿನ ಹತ್ತಿರ ಬಂದಾಗ ಚಕ್ರಪಾಣಿ ಗ್ಯಾಲರಿಗೆ ಬಂದ. ಅವನು ಬಂದವನೇ ಅಲ್ಲ ಯಾವತ್ತೂ. ಟರ್ಕಿಯ ಒಂದು ಕಟ್ಟಡ ಕಂಪನಿ ಈ ಪ್ರದರ್ಶನದ ಖರ್ಚು ಹೊತ್ತಿತ್ತು. ಅದೇ ಕಂಪನಿ ಅವನ ಬ್ಯಾಂಕಿನ ದೊಡ್ಡ ಗಿರಾಕಿ. ಅಲ್ಲಿಂದ ಫೋನು ಬಂದಿತ್ತಂತೆ. ಪೆಟ್ಟಿಗೆಯಲ್ಲಿ ಬಂದ ಗಾಜಿನ ಕೆಲಸ ಇರಲಿ, ಕತ್ತರಿಸಿದ ಜಮಖಾನ ಇರಲಿ, ಆ ಗೋಡೆ ಬೇಡ. ಇಲ್ಲದ ಊರಿನ ಹೆಸರು ಬರೆಯೋದು ಪಾಲಿಟಿಕ್ಸು.

"ಆರ್ಟ್ ಕಣ್ರೀ ಅದು," ಅಂತ ಅನುರಾಧಾ ಒಂದು ಸಲ ಅಂದಳು. ಒಂದೇ ಸಲ.

"ಆರ್ಟ್ ಮಾಡು, ಬೇಡ ಅಂದೆನಾ? ಯಾರದೋ ಜಗಳ ನಮಗ್ಯಾಕೆ? ಅವರು ಕೈ ಎತ್ತಿಬಿಟ್ರೆ ನಾಳೆ ನಾನು ಬೆಂಗಳೂರು ವಿಮಾನ ಹತ್ತಬೇಕಾಗುತ್ತೆ."

ಆಗ ಬಂತು ಆ ಮಾತು. ಬಿಳಿ ಬಳಿದುಬಿಡು ತಾರಾ.

ಬಳಿದಳು. ಸುಳ್ಳು ಯಾಕೆ ಹೇಳಲಿ, ತಿಪ್ಪಮ್ಮ ಬಳಿದಳು. ಪಾಸ್‌ಪೋರ್ಟು ಅವರ ಬೀರುವಿನಲ್ಲಿ, ಅನ್ನ ಅವರ ಒಲೆಯ ಮೇಲೆ. ಬೇಡ ಅನ್ನೋಕೆ ಯಾವ ನೆಲದ ಮೇಲೆ ನಿಲ್ಲಬೇಕು ಅವಳು? ಮೊದಲು ಊರಿನ ಹೆಸರು ಹೋಯಿತು. ಆಮೇಲೆ ಕಣ್ಣು, ಬಾಯಿ. ಬಳಿಯುತ್ತಾ ಈ ಸಲ ಮಾತಾಡಲಿಲ್ಲ. ಮುಥೋನಿ ಬಾಗಿಲಲ್ಲಿ ನಿಂತು, "ಪೋಲೆ, ಮಾಮಾ," ಅಂದಳು. ಅಯ್ಯೋ ಪಾಪ ಅನ್ನೋ ಮಾತು ಅದು. ತಿಪ್ಪಮ್ಮ ಬ್ರಷ್ಷನ್ನು ಮತ್ತೆ ಡಬ್ಬಿಗೆ ಅದ್ದಿದಳು.

ಮಾರನೇ ಬೆಳಿಗ್ಗೆ ಲೈಟಿನವನು ಬಂದು ಪಕ್ಕದಿಂದ ಬೀಳೋ ದೀಪ ಹಾಕಿದ. ಹಾಕಿದ್ದೇ ತಡ, ಬಿಳಿ ಗೋಡೆಯ ಮೇಲೆ ಮುದುಕಿ ಎದ್ದು ಕೂತಳು. ಒಂದೊಂದು ತೂತಿಗೂ ಒಂದೊಂದು ನೆರಳು. ಬರೆದಿದ್ದರೆ ಹೋಗುತ್ತಿತ್ತು. ಚುಚ್ಚಿದ್ದು ಹೋಗುತ್ತಾ?

"ಪೇಂಟ್ ಮಾಡು ಅಂದ್ರೆ ತೂತು ಮಾಡಿದೀಯಲ್ಲೇ ನೀನು!" ಅನುರಾಧಾ ಕಿರುಚಿದಳು. "ಬ್ರಷ್ ಕೊಟ್ಟಿರಲಿಲ್ವಾ? ಬುದ್ಧಿ ಇದೆಯಾ?" ಪುಟ್ಟಿ ಕಲಸಿದ ಬಾಂಡ್ಲಿ ತಂದು ಕಾಲ ಬಳಿ ಕುಕ್ಕಿದಳು. "ಒಂದೊಂದೇ ಮುಚ್ಚು. ಬೆರಳಲ್ಲಿ ಒತ್ತಿ ಮುಚ್ಚು."

ತಿಪ್ಪಮ್ಮ ಏಣಿ ಹತ್ತಿದಳು. ಹೆಬ್ಬೆರಳಿಗೆ ಪುಟ್ಟಿ ತೆಗೆದುಕೊಂಡಳು. ಗದ್ದದ ಮೊದಲ ಚುಕ್ಕೆಯ ಹತ್ತಿರ ಬೆರಳು ಹೋಯಿತು. ಮುಥೋನಿಯ ಹಾಲು ಕುಡಿದ ತೂತು ಅದು. ಒತ್ತಬೇಕು. ಸತ್ತವರ ಬಾಯಿಗೆ ಮಣ್ಣು ಹಾಕಿದ ಹಾಗೆ ಒತ್ತಬೇಕು. ಬೆರಳು ಅಲ್ಲೇ ನಿಂತಿತು.

ಅಷ್ಟರಲ್ಲಿ ಬೆರ್ಫಿನ್‌ಳ ಫೋನು. ಗೋಡೆ ತೋರಿಸಿ ಅಂತ ಕೇಳಿರಬೇಕು. ಅನುರಾಧಾ ಫೋನನ್ನು ತನ್ನ ಮುಖಕ್ಕೇ ಹಿಡಿದುಕೊಂಡು, ವಾಟರ್, ಲೀಕೇಜ್, ಸೋ ಸಾರಿ ಅಂದಳು. ಅಷ್ಟು ಇಂಗ್ಲಿಷು ತಿಪ್ಪಮ್ಮನಿಗೂ ಗೊತ್ತು. ಗೋಡೆ ಸೋರಿ ಹಾಳಾಯಿತು ಅಂತ ಸುಳ್ಳು. ಬೆರ್ಫಿನ್ ಮತ್ತೇನೋ ಕೇಳಿದಳು. ತಾರಾ ಅನ್ನೋ ಹೆಸರು ಕೇಳಿಸಿತು.

"ನಿನ್ನನ್ನ ನೋಡ್ಬೇಕಂತೆ," ಅಂದಳು ಅನುರಾಧಾ, ಮುಖದಲ್ಲಿ ನಗು ಇಟ್ಟುಕೊಂಡೇ. "ಇಳಿ ಕೆಳಗೆ. ಹೌದು ಅಂತ ಸುಮ್ನೆ ತಲೆ ಆಡ್ಸು, ಸಾಕು."

ತಿಪ್ಪಮ್ಮ ಇಳಿದಳು. ಫೋನಿನ ಮುಂದೆ ನಿಂತಳು. ಬೆರ್ಫಿನ್‌ಳ ಕಣ್ಣು ಊದಿಕೊಂಡಿತ್ತು. ತಲೆ ಆಡಿಸಿದರೆ ಮುಗಿಯಿತು. ಊಟ, ಕೋಣೆ, ಬಕೆಟ್ಟು, ಎಲ್ಲ ಮೊದಲಿನ ಹಾಗೇ ಇರುತ್ತೆ. ಇನ್ನೆಷ್ಟು ವರ್ಷ ಬೇಕಾದರೂ ಹಾಗೇ ಇರುತ್ತೆ.

ತಲೆ ಆಡಿಸಲಿಲ್ಲ. ಪುಟ್ಟಿ ಮೆತ್ತಿದ ಕೈಯಲ್ಲೇ ಅನುರಾಧಾಳ ಕೈಯಿಂದ ಫೋನು ಕಿತ್ತುಕೊಂಡಳು. ಗೋಡೆಯ ಕಡೆ ತಿರುಗಿಸಿದಳು. ಬಿಳೀ ಗೋಡೆ, ತೂತುಗಳ ಮುಖ, ಏಣಿ, ಬಾಂಡ್ಲಿ, ಎಲ್ಲ ತೋರಿಸಿದಳು.

"ಬಿಳಿ ಬಳುದೋಳು ನಾನೇ ಕಣವ್ವಾ," ಅಂದಳು ಕನ್ನಡದಲ್ಲೇ. "ಹೆದ್ರಿ ಬಳುದೆ. ತೂತು ಮುಚ್ಚೋಕೆ ಮಾತ್ರ ನನ್ನ ಕೈಲಿ ಆಗಲ್ಲ. ಹಚ್ಚೆ ಅಳಿಸೋ ಕೆಲಸ ನಮ್ಮವ್ವ ಕಲಿಸಿಲ್ಲ."

ಯಾರೂ ಅನುವಾದ ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಬೆರ್ಫಿನ್ ಗೋಡೆಯನ್ನು ನೋಡುತ್ತಾ ನೋಡುತ್ತಾ ಕೊನೆಗೆ, "ತಾರಾ..." ಅಂದಳು.

"ತಾರಾ ಅಲ್ಲ." ಎದೆ ತಟ್ಟಿಕೊಂಡಳು. ಕೈಯ ಪುಟ್ಟಿ ರವಿಕೆಗೆ ಮೆತ್ತಿತು. "ತಿಪ್ಪಮ್ಮ. ತಿಪ್ಪಮ್ಮ!"

"ತಿ...ಪಾಮಾ," ಅಂತು ಫೋನು.

ಅನುರಾಧಾ ಫೋನು ಕಿತ್ತು ಆರಿಸಿದಳು. ಬಾಗಿಲಲ್ಲಿದ್ದ ಮುಥೋನಿಗೆ ಬಾಂಡ್ಲಿ ತೋರಿಸಿ ನೀನು ಮಾಡು ಅಂದಳು. ಮುಥೋನಿ ಮಗುವನ್ನು ಬೆನ್ನಿಂದ ಎದೆಗೆ ತಂದುಕೊಂಡು ಹಾಲೂಡುತ್ತಾ ಕೂತಳು. ಏಳಲಿಲ್ಲ.

ಸಂಜೆ ಮನೆಯಲ್ಲಿ ಚಕ್ರಪಾಣಿಯ ವಿಚಾರಣೆ. "ಉಂಡ ಮನೆ ಜಂತೆ ಎಣಿಸ್ತೀಯಾ? ವಿಮಾನ ಹತ್ತಿಸಿ ಕರ್ಕೊಂಡ್ ಬಂದ್ವಲ್ಲ, ಅದಕ್ಕೆ ಇದಾ ಬಹುಮಾನ?"

"ನನ್ನ ಲೋಟ ಎಲ್ಲೈತೆ ಅಂತ ಸಾರ್‌ಗೆ ಗೊತ್ತಾ?" ಅಂದಳು ತಿಪ್ಪಮ್ಮ.

ಅವನಿಗೆ ಅರ್ಥವಾಗಲಿಲ್ಲ. ಅನುರಾಧಾಳಿಗೆ ಆಯಿತು. ಅವಳು ನೆಲ ನೋಡಿದಳು. ತಿಪ್ಪಮ್ಮನ ವಾಪಸ್ ಟಿಕೆಟ್ ಆಯಿತು. ಗೋಡೆಗೆ ಪ್ಲೈವುಡ್ ಹಲಗೆ ಹೊಡೆಸಿ ಅದರ ಮೇಲೆ ಕಂಪನಿಯ ಹೆಸರಿನ ದೊಡ್ಡ ಬೋರ್ಡು ಹಾಕಿಸಿದರು. ಪ್ರದರ್ಶನ ಚೆನ್ನಾಗಿ ನಡೆಯಿತಂತೆ. ನಡೆಯದೇ ಏನು?

ಹೋಗುವ ದಿನ ಬೆಳಿಗ್ಗೆ ಮುಥೋನಿ ಸೌತ್ ಬಿಗೆ ನಡೆದುಕೊಂಡು ಬಂದಳು. ಅಡುಗೆಮನೆ ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತರು. ಲೋಟದಲ್ಲಿ ಹೊಸ ಹಾಲು, ಹೊಸ ಕಾಡಿಗೆ. ತಿಪ್ಪಮ್ಮ ಮೂರು ಹೊಲಿಗೆ ಸೂಜಿಗಳನ್ನು ದಾರದಲ್ಲಿ ಬಿಗಿದು ಕಟ್ಟಿದಳು. ಮುಥೋನಿ ಕನ್ನಡಿ ಹಿಡಿದಳು. ಬಡವನ ಕೋಪ ದವಡೆಗೆ ಮೂಲ ಅಂತಾರೆ ದೊಡ್ಡವರು. ಆಗಲಿ. ತನ್ನ ಗದ್ದಕ್ಕೆ ತಾನೇ ಚುಚ್ಚಿಕೊಂಡಳು. ತುಟಿಯ ಕೆಳಗೆ ಮೂರು ಚುಕ್ಕೆ. ಅದರ ಕೆಳಗೆ ಬಾಚಣಿಗೆ. ರಕ್ತ ಕತ್ತಿಗೆ ಇಳಿಯಿತು. ಮುಥೋನಿ ಮಗು ಕಟ್ಟಿಕೊಳ್ಳೋ ಲೆಸೊ ಬಟ್ಟೆಯ ಚುಂಗಿನಿಂದ ಒರೆಸಿದಳು. ಮುಗಿದ ಮೇಲೆ ತನ್ನ ಫೋನಲ್ಲಿ ಫೋಟೋ ತೆಗೆದು, ಗ್ಯಾಲರಿಯ ಕಾರ್ಡಿನಲ್ಲಿದ್ದ ಬೆರ್ಫಿನ್‌ಳ ಇಮೇಲ್ ವಿಳಾಸಕ್ಕೆ ಕಳಿಸಿದಳು. ಉತ್ತರ ಬಂತೋ ಇಲ್ಲವೋ, ತಿಪ್ಪಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಏರ್‌ಪೋರ್ಟಿನ ಬಾಗಿಲಲ್ಲಿ ಡ್ರೈವರು ಪಾಸ್‌ಪೋರ್ಟು ಕೈಗಿಟ್ಟು ಹೋದ. ಎರಡು ವರ್ಷದ ಮೇಲೆ ಮೊದಲ ಸಲ ಅದು ಅವಳ ಕೈಯಲ್ಲಿತ್ತು. ತುಂಬುತೋಳಿನ ರವಿಕೆಯನ್ನು ಮೊಣಕೈಯ ಮೇಲಕ್ಕೆ ಮಡಚಿದಳು. ಅಷ್ಟು ಜನರ ಸಾಲಿನಲ್ಲಿ ಅವಳ ಭಾಷೆಯವರು ಒಬ್ಬರೂ ಇರಲಿಲ್ಲ.

ಗಾಜಿನ ಹಿಂದಿನ ಅಧಿಕಾರಿ ಹೆಂಗಸು ಪಾಸ್‌ಪೋರ್ಟು ತೆರೆದಳು. ಫೋಟೋ ನೋಡಿದಳು. ಇವಳ ಮುಖ ನೋಡಿದಳು. ಮತ್ತೆ ಫೋಟೋ. ಫೋಟೋದ ಗದ್ದ ಖಾಲಿ ಇತ್ತು. ಇಲ್ಲಿ ಊದಿಕೊಂಡು, ಕೆಂಪಗೆ, ಕಪ್ಪು ಚುಕ್ಕೆಗಳು.

"ಜೀನಾ?" ಅಂತ ಕೇಳಿದಳು. ಹೆಸರೇನು?

"ತಿಪ್ಪಮ್ಮ."

ಅಧಿಕಾರಿ ತನ್ನ ಗದ್ದ ಮುಟ್ಟಿಕೊಂಡು ತೋರಿಸಿದಳು. ಇದೇನು? ಫೋಟೋದಲ್ಲಿ ಇಲ್ಲವಲ್ಲ?

ತಿಪ್ಪಮ್ಮ ಗಾಜಿನ ಹತ್ತಿರ ಬಗ್ಗಿದಳು. ತುಟಿ ಬಿಗಿದು ನೋಯುತ್ತಿತ್ತು, ಆದರೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಕಾನಿಯಾ ಬೂಕೆ."

ಹಾಗೆಂದರೇನು ಅಂತ ಅಧಿಕಾರಿಗೆ ತಿಳಿಯಲಿಲ್ಲ. ಹಿಂದೆ ಸಾಲು ಉದ್ದ ಇತ್ತು. ಠಸ್ಸೆ ಒತ್ತಿದಳು.